ಬರೆಯದೆ ಬಿಟ್ಟ ಒಂದು ಸಾಲು

ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ನನ್ನ ಕೆಲಸ.

ಲಿನಕ್ಸ್‌ನಲ್ಲಿ ಪ್ರೋಗ್ರಾಮಿಗೆ ಮೆಮೊರಿಯಲ್ಲಿ ಜಾಗ ಕೊಡಿಸಲು 'ಎಮ್‌ಮ್ಯಾಪ್' ಎಂಬುದಿದೆ. ಹೌರಾದಿಂದ ಬೆಂಗಳೂರಿನ ರೈಲಿಗೆ ಬರ್ತ್ ಕೇಳಿದಂತೆ ಅಂದುಕೊಳ್ಳಿ. ಬರೀ ವಿಳಾಸ ಕೊಟ್ಟರೆ, 'ಸಿಕ್ಕರೆ ಈ ಬರ್ತ್, ಇಲ್ಲದಿದ್ದರೆ ಬೇರೆ' ಎಂದಂತೆ. 'ಮ್ಯಾಪ್ ಫಿಕ್ಸ್‌ಡ್' ಸೇರಿಸಿದರೆ ಇದೇ ಬೇಕು ಎಂದರ್ಥ. ಅಲ್ಲಿ ಮೊದಲೇ ಇದ್ದವರನ್ನು ಸದ್ದಿಲ್ಲದೆ ಇಳಿಸಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ.

ನಮ್ಮ ತಂಡದ ಟಿಪ್ಪಣಿಯಲ್ಲಿ ಈ ಕೊನೆಯ ಮಾತು ಇರಲಿಲ್ಲ. ಬರೆದವಳು ನಾನೇ. ಹೊಸದಾಗಿ ಸೇರಿದ ಹುಡುಗಿ ಅದನ್ನು ನಂಬಿ ಕೋಡ್ ಬರೆದಳು. ಪ್ರೋಗ್ರಾಮು ಇನ್ನೆಲ್ಲೋ ಕ್ರ್ಯಾಶ್ ಆಯಿತು. ಮೂರು ದಿನ ಹುಡುಕಿದೆವು, ಬೈಸಿಕೊಂಡವಳು ಅವಳು. 'ತಪ್ಪು ನನ್ನದು' ಎಂದು ನಾನು ಹೇಳಿದ್ದು ನಾಲ್ಕನೆಯ ದಿನ.

2018ರಲ್ಲಿ, ಲಿನಕ್ಸ್ 4.17ರ ಜೊತೆ, 'ಮ್ಯಾಪ್ ಫಿಕ್ಸ್‌ಡ್ ನೋರಿಪ್ಲೇಸ್' ಬಂತು. ಜಾಗ ಖಾಲಿ ಇಲ್ಲದಿದ್ದರೆ ಯಾರನ್ನೂ ಎಬ್ಬಿಸದೆ ಎರರ್ ಕೊಡುತ್ತದೆ. ಹಳೆಯ ಕರ್ನಲ್‌ಗಳಿಗೆ ಇದು ತಿಳಿಯದು, ಬೇರೆ ಜಾಗ ಕೊಟ್ಟುಬಿಡಬಹುದು. ಹಾಗಾಗಿ ಸಿಕ್ಕ ವಿಳಾಸವನ್ನು ನೋಡಿಕೊಳ್ಳಲೇಬೇಕು. ಇದೆಲ್ಲ ಈಗ ಟಿಪ್ಪಣಿಯಲ್ಲಿದೆ. ಬರೆದದ್ದನ್ನು ಮೊದಲು ಓದಿ ನೋಡಿದವಳು ಅದೇ ಹುಡುಗಿ.

ನೀವೂ ಯಾರಿಗಾದರೂ ಕೆಲಸ ಹೇಳಿಕೊಡುವಾಗ, ಏನು ಸಿಗುತ್ತದೆ ಎಂಬುದರ ಪಕ್ಕದಲ್ಲಿ ಏನು ಹಾಳಾಗಬಹುದು ಎಂದೂ ಬರೆದಿಡಿ.