ಕುತ್ತಿಗೆಯಲ್ಲಿ ಏನೂ ಕಾಣದಿದ್ದಾಗ: ಬಾಯಿ ಕ್ಯಾನ್ಸರಿನ ಒಂದು ಕಠಿಣ ನಿರ್ಧಾರ

(ಸಂಘದ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಎರಡೇ ಷರತ್ತು ಹಾಕಿದ್ದಾರೆ. ಒಂದು, ಹದಿನೈದು ನಿಮಿಷದೊಳಗೆ ಮುಗಿಸಬೇಕು, ಏಕೆಂದರೆ ಬಿಸಿಬೇಳೆಬಾತ್ ಆರಿಹೋಗುತ್ತದೆ. ಎರಡು, ಊಟಕ್ಕೆ ಮುಂಚೆ ಯಾರನ್ನೂ ಹೆದರಿಸಬಾರದು. ಮೊದಲನೆಯದನ್ನು ಖಂಡಿತ ಪಾಲಿಸುತ್ತೇನೆ. ಎರಡನೆಯದನ್ನು ಆದಷ್ಟು ಪಾಲಿಸುತ್ತೇನೆ.

ಇಂಗ್ಲೆಂಡಿನಲ್ಲಿ ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಾಗಿ ನನಗೆ ಎರಡು ಬಗೆಯ ರೋಗಿಗಳು. ಆಸ್ಪತ್ರೆಗೆ ಬರುವವರು ಒಂದು ಬಗೆ, ಫೋನಿನಲ್ಲಿ ಬರುವವರು ಇನ್ನೊಂದು. ಎರಡನೆಯವರು ನಿಮ್ಮ ಅಣ್ಣ, ಅತ್ತಿಗೆ, ಮಾವ. "ಡಾಕ್ಟ್ರೇ, ಊರಿನಲ್ಲಿ ಮಾವನಿಗೆ ನಾಲಿಗೆ ಮೇಲೆ ಸಣ್ಣ ಹುಣ್ಣು, ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಸ್ಕ್ಯಾನಿನಲ್ಲಿ ಕುತ್ತಿಗೆಯಲ್ಲಿ ಏನೂ ಇಲ್ಲ. ಆದರೂ ಕುತ್ತಿಗೆ ಆಪರೇಷನ್ ಮಾಡಬೇಕು ಅಂತಾರೆ. ಸುಮ್ಮನೆ ದುಡ್ಡಿಗೆ ಹೇಳ್ತಿದ್ದಾರಾ?" ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮೊದಲ ಸಲ ಬಂದಾಗ ನಾನು ಕೊಟ್ಟ ಉತ್ತರದ ಕಥೆಯಿಂದಲೇ ಆರಂಭಿಸುತ್ತೇನೆ.

ಚಿಕ್ಕಪ್ಪನ ಫೋನು

2003ನೇ ಇಸವಿ. ನಾನಿನ್ನೂ ಇಲ್ಲಿ ತರಬೇತಿಯಲ್ಲಿದ್ದೆ. ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ. ಅವರ ಎಲೆ-ಅಡಿಕೆ ಸಂಚಿ ಸೊಂಟ ಬಿಟ್ಟು ಇಳಿದದ್ದನ್ನು ನಾನು ನೋಡಿಲ್ಲ. ಜೊತೆಗೆ ಚೂರು ಹೊಗೆಸೊಪ್ಪು. ನಾಲಿಗೆಯ ಪಕ್ಕದಲ್ಲಿ ಒಂದು ಹುಣ್ಣಾಗಿ, ಹಲ್ಲು ತಾಗಿ ಆಗಿದೆ ಎಂದು ಮೂರು ತಿಂಗಳು ಕಳೆದರು. ಕೊನೆಗೆ ಚೂರು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದಾಯಿತು. ಸಣ್ಣದು, ಇನ್ನೂ ಆರಂಭದ ಹಂತ. ಕೈಯಿಂದ ಮುಟ್ಟಿ ನೋಡಿದರೂ ಸ್ಕ್ಯಾನಿನಲ್ಲಿ ನೋಡಿದರೂ ಕುತ್ತಿಗೆಯಲ್ಲಿ ಗಂಟಿಲ್ಲ.

ಅಲ್ಲಿನ ವೈದ್ಯರು ನ್ಯಾಯವಾಗಿಯೇ ಹೇಳಿದರು: "ನಾಲಿಗೆಯದ್ದನ್ನು ತೆಗೆಯಲೇಬೇಕು. ಕುತ್ತಿಗೆಯದ್ದನ್ನು ಈಗಲೇ ತೆಗೆಯಬಹುದು, ಅಥವಾ ಕಾದು ನೋಡಬಹುದು. ನೀವೇ ಯೋಚಿಸಿ." ಚಿಕ್ಕಪ್ಪ ಅಂದು ರಾತ್ರಿ ನನಗೆ ಫೋನ್ ಮಾಡಿದರು. "ಅಲ್ಲ ಮಾರಾಯ, ಏನೂ ಇಲ್ಲದ ಕುತ್ತಿಗೆ ಯಾಕೆ ಕೊಯ್ಯಬೇಕು?"

ನಾನು ಪುಸ್ತಕ ತೆರೆದೆ. ಅಷ್ಟರೊಳಗೆ ಫ್ರಾನ್ಸಿನಿಂದ 1980ರಲ್ಲಿ, ಮುಂಬಯಿಯಿಂದ 1989ರಲ್ಲಿ, ಬ್ರೆಜಿಲ್‌ನಿಂದ 1994ರಲ್ಲಿ ಒಂದೊಂದು ಅಧ್ಯಯನ ಬಂದಿತ್ತು. ಯಾವುದರಲ್ಲೂ ನೂರು ರೋಗಿಗಳಿರಲಿಲ್ಲ. ಮೂರೂ ಒಂದೇ ಮಾತು ಹೇಳಿರಲಿಲ್ಲ. "ಕಾದು ನೋಡಬಹುದು ಚಿಕ್ಕಪ್ಪ" ಎಂದೆ. ಅವರಿಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು.

ನಾಲಿಗೆಯ ಆಪರೇಷನ್ ಚೆನ್ನಾಗಿ ಆಯಿತು. ಮೊದಲ ಎರಡು ಸಲ ತಪಾಸಣೆಗೆ ಹೋದರು. ಆಮೇಲೆ ಮಳೆಗಾಲ, ಅದು ಮುಗಿಯುತ್ತಿದ್ದಂತೆ ಕೊನೆ ಕೊಯ್ಲು. ಆಸ್ಪತ್ರೆ ದೂರ, ನೋವಿಲ್ಲ, ಮೈ ಚೆನ್ನಾಗಿದೆ. ಮತ್ತೆ ಹೋದಾಗ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ದೊಡ್ಡ ಆಪರೇಷನ್, ರೇಡಿಯೇಷನ್ ಎಲ್ಲಾ ಆಯಿತು. 2005ರಲ್ಲಿ ತೀರಿಕೊಂಡರು.

ಮೊದಲೇ ಕುತ್ತಿಗೆ ಆಪರೇಷನ್ ಮಾಡಿಸಿದ್ದರೆ ಬದುಕುತ್ತಿದ್ದರೇ? ಅದನ್ನು ಯಾರೂ ಹೇಳಲಾರರು. ಒಬ್ಬರ ಕಥೆಯಿಂದ ವಿಜ್ಞಾನವಾಗುವುದಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕಾಣದ್ದು ಎಂದರೆ ಇಲ್ಲವೆಂದಲ್ಲ

ನಮ್ಮ ಕುತ್ತಿಗೆಯ ಎರಡೂ ಕಡೆ ಹತ್ತಾರು ಸಣ್ಣ ದುಗ್ಧಗ್ರಂಥಿಗಳಿವೆ. ಬಾಯಿಯಿಂದ ಹರಿದು ಬರುವ ದುಗ್ಧರಸವನ್ನು ಸೋಸುವ ಜರಡಿಗಳು ಇವು. ನಾಲಿಗೆಯ ಕ್ಯಾನ್ಸರ್ ಬೇರೆ ಕಡೆ ಹೊರಟರೆ ಮೊದಲ ನಿಲ್ದಾಣ ಸಾಮಾನ್ಯವಾಗಿ ಇಲ್ಲಿಯೇ. ಆರಂಭದಲ್ಲಿ ಅಲ್ಲಿ ಸಿಕ್ಕಿಕೊಳ್ಳುವುದು ಕಣಗಳ ಒಂದು ಸಣ್ಣ ಗುಂಪು, ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಕೈಗೆ ಸಿಗುವುದಿಲ್ಲ, ಎಷ್ಟು ಒಳ್ಳೆಯ ಸ್ಕ್ಯಾನ್ ಇದ್ದರೂ ಕಣ್ಣಿಗೆ ಬೀಳದಿರಬಹುದು. ಹೀಗೆ "ಏನೂ ಇಲ್ಲ" ಎಂದು ಬಂದ ಕುತ್ತಿಗೆಗಳನ್ನು ಆಪರೇಷನ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹತ್ತರಲ್ಲಿ ಎರಡು ಮೂರರಲ್ಲಿ ಕ್ಯಾನ್ಸರ್ ಅಡಗಿರುತ್ತದೆ.

ಈ ಲೆಕ್ಕದ ಇನ್ನೊಂದು ಮುಖವನ್ನೂ ಮರೆಯಬಾರದು. ಹತ್ತರಲ್ಲಿ ಏಳೆಂಟು ಜನರ ಕುತ್ತಿಗೆ ನಿಜಕ್ಕೂ ಸ್ವಚ್ಛ. ಅವರ ಮಟ್ಟಿಗೆ ಆಪರೇಷನ್ ಬೇಕಿರಲಿಲ್ಲ. ಆ ಏಳೆಂಟು ಜನ ಯಾರು ಎಂದು ಮೊದಲೇ ಹೇಳಲಾಗುವುದಿಲ್ಲ ಎಂಬುದೇ ಇಡೀ ತೊಡಕು. ಆದ್ದರಿಂದ ಕಾಯೋಣ ಎನ್ನುವವರೂ ದಡ್ಡರಲ್ಲ, ಮಾಡೋಣ ಎನ್ನುವವರೂ ದುಡ್ಡಿನ ಆಸೆಯವರಲ್ಲ.

ಮುಂಬಯಿ ಕೊಟ್ಟ ಉತ್ತರ

ಚಿಕ್ಕಪ್ಪನ ಕುತ್ತಿಗೆಯಲ್ಲಿ ಗಂಟು ಬಂದ ಕಾಲದಲ್ಲೇ, 2004ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಇದೇ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರು. ಆರಂಭದ ಹಂತದ ಬಾಯಿ ಕ್ಯಾನ್ಸರಿನವರನ್ನು, ಬಹುಪಾಲು ನಾಲಿಗೆಯದ್ದೇ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಜೊತೆಯಲ್ಲೇ ಕುತ್ತಿಗೆಯ ಆಪರೇಷನ್. ಇನ್ನೊಂದು ಗುಂಪಿಗೆ ಬಾಯಿಯದ್ದು ಮಾತ್ರ. ಕುತ್ತಿಗೆಯಲ್ಲಿ ಗಂಟು ಕಂಡರೆ ಆಗ ಆಪರೇಷನ್.

ಹತ್ತು ವರ್ಷದ ನಂತರ ಮೊದಲ 500 ರೋಗಿಗಳ ಲೆಕ್ಕ ನೋಡಿದಾಗ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಇನ್ನು ಹೊಸಬರನ್ನು ಸೇರಿಸುವುದು ಬೇಡ ಎಂದು ಮೇಲ್ವಿಚಾರಣಾ ಸಮಿತಿಯೇ ಸಲಹೆ ಕೊಟ್ಟಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ವರ್ಷದ ಕೊನೆಗೆ, ಮೊದಲೇ ಕುತ್ತಿಗೆ ಆಪರೇಷನ್ ಆದವರಲ್ಲಿ ಬದುಕಿದ್ದವರು ಶೇಕಡಾ 80. ಕಾದು ನೋಡಿದವರಲ್ಲಿ ಶೇಕಡಾ 67.5. ರೋಗ ಮರುಕಳಿಸದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇಕಡಾ 69.5, ಎರಡನೆಯದರಲ್ಲಿ 45.9. ಅಂದರೆ, ಎಂಟು ಜನರಿಗೆ ಮೊದಲೇ ಆಪರೇಷನ್ ಮಾಡಿದರೆ ಒಂದು ಜೀವ ಉಳಿಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಕಾದ ಗುಂಪಿನವರನ್ನು ಯಾರೂ ಕೈಬಿಟ್ಟಿರಲಿಲ್ಲ. ಮೊದಲ ಆರು ತಿಂಗಳು ನಾಲ್ಕು ವಾರಕ್ಕೊಮ್ಮೆ ತಪಾಸಣೆ ಇತ್ತು. ಆದರೂ ಗಂಟು ಕೈಗೆ ಸಿಕ್ಕುವ ಹೊತ್ತಿಗೆ ಹಲವರಲ್ಲಿ ರೋಗ ಗ್ರಂಥಿಯ ಹೊರಕವಚ ದಾಟಿ ಹೊರಗೆ ಬಂದಿತ್ತು. ಅಷ್ಟು ಕಣ್ಣಿಟ್ಟು ಕಾದರೂ ಹೀಗೆ. ಹಾಗಿರುವಾಗ ಕೊನೆ ಕೊಯ್ಲಿನ ನಡುವೆ ತಪಾಸಣೆ ತಪ್ಪಿಸಿದವರ ಪಾಡೇನು?

ಮಲೆನಾಡಿನವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವುದು ಯಾವಾಗ? ಮಳೆ ಹಿಡಿಯುವುದಕ್ಕೆ ಮುಂಚೆ, ಕೊನೆ ಹಸಿರಾಗಿ ಚೆನ್ನಾಗಿರುವಾಗ. ಎಲ್ಲಾ ಮರಕ್ಕೂ ಕೊಳೆ ಬರುವುದಿಲ್ಲ ಎಂದು ಗೊತ್ತು. ಆದರೆ ಯಾವ ಮರಕ್ಕೆ ಬರುತ್ತದೆ ಎಂದು ಗೊತ್ತಿಲ್ಲ. ಮರದ ಬುಡದಲ್ಲಿ ಕೊಳೆತ ಕಾಯಿ ಉದುರಿದ ಮೇಲೆ ಕೊನೆಗೌಡನನ್ನು ಕರೆಯಲು ಓಡುವವನನ್ನು ಊರಿನವರು ನಗುತ್ತಾರೆ. ಚಿಕ್ಕಪ್ಪ ಆ ತಪ್ಪನ್ನು ತೋಟದಲ್ಲಿ ಎಂದೂ ಮಾಡಲಿಲ್ಲ. ಈ ಮಾತು 2003ರಲ್ಲಿ ನನಗೆ ಹೊಳೆಯಲಿಲ್ಲ.

ಆಪರೇಷನ್ನಿನ ಬೆಲೆ

ಹಾಗೆಂದು ಕುತ್ತಿಗೆಯ ಆಪರೇಷನ್ ಪುಕ್ಕಟೆಯಲ್ಲ. ಕುತ್ತಿಗೆಯ ಮೇಲೆ ಗಾಯದ ಗೆರೆ ಉಳಿಯುತ್ತದೆ. ಕಿವಿಯ ಹಾಲೆ, ದವಡೆಯ ಕೆಳಗಿನ ಚರ್ಮ ಮರಗಟ್ಟಿದಂತೆ ಆಗಬಹುದು. ಕೆಳತುಟಿ ಸ್ವಲ್ಪ ಓರೆಯಾಗಬಹುದು. ಭುಜಕ್ಕೆ ಹೋಗುವ ನರಕ್ಕೆ ಪೆಟ್ಟಾದರೆ ಕೈ ಎತ್ತಿ ಬಟ್ಟೆ ಒಣಹಾಕುವುದು, ತಲೆ ಬಾಚುವುದು ಕಷ್ಟವಾಗುತ್ತದೆ. ಹಿಂದಿನ ಕಾಲದ ದೊಡ್ಡ ಆಪರೇಷನ್ ಈಗ ಆರಂಭದ ಹಂತದವರಿಗೆ ಮಾಡುವುದಿಲ್ಲ. ಕುತ್ತಿಗೆಯ ಮೇಲ್ಭಾಗದ ಗ್ರಂಥಿಗಳನ್ನು ಮಾತ್ರ ತೆಗೆದು ನರ, ಸ್ನಾಯು, ದೊಡ್ಡ ರಕ್ತನಾಳಗಳನ್ನು ಉಳಿಸುತ್ತಾರೆ. ತೊಂದರೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಭುಜದ ವ್ಯಾಯಾಮವನ್ನು ತಪ್ಪದೆ ಮಾಡಬೇಕು.

ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಂದುವುದಿಲ್ಲ. ಇಲ್ಲಿ ಮುಖ್ಯವಾದದ್ದು ಹುಣ್ಣಿನ ಅಗಲವಲ್ಲ, ಆಳ. ಮುಂಬಯಿಯ ಅಧ್ಯಯನದಲ್ಲಿ 3 ಮಿಲಿಮೀಟರಿಗಿಂತ ಕಡಿಮೆ ಆಳದ ಹುಣ್ಣಿನವರು ಕೆಲವರೇ ಇದ್ದರು, ಅವರಲ್ಲಿ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಅಂಥ ತೆಳು ಹುಣ್ಣಿನವರಿಗೆ, ತಪ್ಪದೆ ತಪಾಸಣೆಗೆ ಬರುವವರಿಗೆ, ಕಾದು ನೋಡುವುದು ಈಗಲೂ ಒಂದು ದಾರಿ. ಆಳಕ್ಕೆ ಈಗ ಎಷ್ಟು ಮಹತ್ವವಿದೆಯೆಂದರೆ, 2018ರಿಂದ ಬಳಕೆಗೆ ಬಂದ ಹಂತಗಳ ಪಟ್ಟಿಯಲ್ಲಿ 2 ಸೆಂಟಿಮೀಟರಿಗಿಂತ ಚಿಕ್ಕ ಹುಣ್ಣೂ 5 ಮಿಲಿಮೀಟರಿಗಿಂತ ಆಳವಿದ್ದರೆ ಅದನ್ನು ಮೊದಲ ಹಂತದ್ದೆಂದು ಎಣಿಸುವುದಿಲ್ಲ.

ನಡುವಿನ ದಾರಿಯೂ ಒಂದಿದೆ: ಸೆಂಟಿನೆಲ್ ನೋಡ್ ಬಯಾಪ್ಸಿ, ಕನ್ನಡದಲ್ಲಿ ಕಾವಲು ಗ್ರಂಥಿಯ ಪರೀಕ್ಷೆ ಎನ್ನೋಣ. ಹುಣ್ಣಿನ ಸುತ್ತ ವಿಕಿರಣ ಸೂಸುವ ಒಂದು ದ್ರವವನ್ನು ಅತಿ ಸ್ವಲ್ಪ ಚುಚ್ಚುತ್ತಾರೆ. ಅದು ಹರಿದು ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ. ಸ್ವಚ್ಛವಿದ್ದರೆ ಉಳಿದ ಕುತ್ತಿಗೆಗೆ ಕೈ ಹಚ್ಚುವುದಿಲ್ಲ. ಈ ದೇಶದ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲೇ ಇದನ್ನು ಸೂಚಿಸಿದೆ. ಫ್ರಾನ್ಸಿನಿಂದ 2020ರಲ್ಲಿ, ಜಪಾನಿನಿಂದ 2021ರಲ್ಲಿ ಬಂದ ಅಧ್ಯಯನಗಳು, ಈ ದಾರಿ ಹಿಡಿದವರು ಪೂರ್ತಿ ಆಪರೇಷನ್ ಆದವರಿಗಿಂತ ಹಿಂದೆ ಬೀಳಲಿಲ್ಲ, ಭುಜದ ತೊಂದರೆಯೂ ಕಡಿಮೆ ಎಂದು ತೋರಿಸಿವೆ. ಆದರೆ ಇದಕ್ಕೆ ಸಲಕರಣೆ ಬೇಕು, ಪಳಗಿದ ತಂಡ ಬೇಕು. ಎಲ್ಲಾ ಊರಿನಲ್ಲೂ ಸಿಗುವುದಿಲ್ಲ.

ಮುಂದಿನ ಸಲ ಫೋನ್ ಬಂದಾಗ

ಊರಿನಿಂದ ಇಂಥ ಫೋನ್ ಬಂದರೆ ದಯವಿಟ್ಟು ನನ್ನ ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಬೇಡಿ. ಆಪರೇಷನ್ನಿಗೆ ಮೊದಲೇ ಅವರು ತಮ್ಮ ವೈದ್ಯರನ್ನು ಈ ಪ್ರಶ್ನೆಗಳನ್ನು ಕೇಳಲಿ:

1. ಹುಣ್ಣು ಎಷ್ಟು ಮಿಲಿಮೀಟರ್ ಆಳ ಇರಬಹುದು?

2. ಬಾಯಿಯ ಜೊತೆಗೇ ಕುತ್ತಿಗೆಯದ್ದನ್ನೂ ಮಾಡುತ್ತೀರಾ? ಇಲ್ಲದಿದ್ದರೆ ಕಾರಣವೇನು?

3. ಕಾವಲು ಗ್ರಂಥಿಯ ಪರೀಕ್ಷೆ ಇಲ್ಲಿ ಸಾಧ್ಯವೇ?

4. ಕಾದು ನೋಡುವುದಾದರೆ ಎಷ್ಟು ವಾರಕ್ಕೊಮ್ಮೆ ಬರಬೇಕು? ಪ್ರತಿ ಸಲ ಅಲ್ಟ್ರಾಸೌಂಡ್ ಮಾಡುತ್ತೀರಾ?

5. ಆಪರೇಷನ್ ನಂತರ ಭುಜದ ವ್ಯಾಯಾಮ ಯಾರು ಕಲಿಸುತ್ತಾರೆ?

ಆರನೆಯ ಪ್ರಶ್ನೆ ವೈದ್ಯರಿಗಲ್ಲ, ಮನೆಯವರಿಗೆ: ಅಷ್ಟು ಸಲ ಕರೆದುಕೊಂಡು ಹೋಗುವವರು ಯಾರು? ಇದಕ್ಕೆ ಉತ್ತರ ಸಿಗದಿದ್ದರೆ, "ಕಾದು ನೋಡೋಣ" ಎಂಬುದರಲ್ಲಿ ಕಾಯುವುದು ಮಾತ್ರ ಉಳಿಯುತ್ತದೆ, ನೋಡುವುದು ಇರುವುದಿಲ್ಲ.

ನಮ್ಮ ನಮ್ಮ ಬಾಯಿಯ ಬಗ್ಗೆಯೂ ಒಂದು ಮಾತು. ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಜಿಪಿ ಅಥವಾ ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಎಂಬ ಧೈರ್ಯ ಬೇಡ. ಅಡಿಕೆ ಬೆಳೆಯುವ ಮನೆಯಿಂದ ಬಂದ ನನಗೆ ಹೇಳಲು ಕಷ್ಟವಾದರೂ ಹೇಳುತ್ತೇನೆ: ಹೊಗೆಸೊಪ್ಪು ಇಲ್ಲದ ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಸಾರಿದೆ. ತಾಂಬೂಲದ ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳೋಣ, ಜಗಿಯುವುದನ್ನು ಬಿಡೋಣ.

ಕೊನೆಗೆ, ನಾವು ಇಂದು ಇಲ್ಲಿ ಸೇರಿರುವ ಉದ್ದೇಶಕ್ಕೆ ಬರುತ್ತೇನೆ. ಚಿಕಿತ್ಸೆಯ ಖರ್ಚಿಗೆ ಕರ್ನಾಟಕದಲ್ಲಿ ಸರ್ಕಾರದ ಯೋಜನೆಗಳಿವೆ. ಆದರೆ ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಬರುವವರ ಚಾರ್ಜು, ಜೊತೆಗೆ ಬಂದವರ ಊಟ, ತಂಗುವ ಕೋಣೆ, ಕಳೆದುಕೊಂಡ ಕೂಲಿ, ಇವು ರೋಗಿಯ ಕೈಯಿಂದಲೇ ಹೋಗುತ್ತವೆ. ತಪಾಸಣೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಈ ಬಾರಿ ಕೂಡುವ ನಿಧಿಯಲ್ಲಿ ಒಂದು ಪಾಲು ಆ ಬಸ್ ಚಾರ್ಜಿಗೆ ಹೋಗಲಿ ಎಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ನೀವೂ ಕೈಜೋಡಿಸಬೇಕು.

2015ರಲ್ಲಿ ಆ ಫಲಿತಾಂಶ ಓದಿದ ವಾರ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ನಾನು ಅಂದು ಕೊಟ್ಟ ಸಲಹೆ ಸರಿಯಿರಲಿಲ್ಲ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಆಗ ನಿಂಗೂ ಗೊತ್ತಿರ್ಲಿಲ್ಲ, ಯಾರಿಗೂ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ, ಕೇಳಿದವರಿಗೆ ಸರಿಯಾಗಿ ಹೇಳು."

ಅವರ ಮಾತಿನಂತೆ ಇಂದು ನಿಮಗೆ ಹೇಳಿದ್ದೇನೆ. ನೀವು ನಿಮ್ಮವರಿಗೆ ಹೇಳಿ.  ಜೈ ಕರ್ನಾಟಕ.