ಬಾಗಿಲು ತೆರೆದರಷ್ಟೇ ಸಾಲದು: ವಿಶೇಷ ಅಗತ್ಯದ ಮಗು ಮತ್ತು ಯಹೂದಿ ಕುಟುಂಬದ ವಲಸೆ

ವಲಸೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ದುಡಿಯುವವರ ಲೆಕ್ಕ ಹಾಕುತ್ತೇವೆ. ಯಾರಿಗೆ ಕೆಲಸ ಸಿಕ್ಕಿತು, ಯಾರು ಮನೆ ಕೊಂಡರು, ಯಾರು ವಾಪಸು ಬಂದರು ಎಂದು ಕೇಳುತ್ತೇವೆ. ಹೊರಟ ಕುಟುಂಬದಲ್ಲಿ ಮಾತಿಗೇ ಕಷ್ಟಪಡುವ, ದಿನಚರಿ ಚೂರು ಬದಲಾದರೂ ತತ್ತರಿಸುವ ಮಗುವಿದ್ದರೆ ಆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇವತ್ತು ನಾನು ಎತ್ತಿಕೊಂಡಿರುವುದು ಅಂಥದೇ ವಲಸೆಯನ್ನು. ಅಮೆರಿಕದಂಥ ದೇಶಗಳ ಯಹೂದಿ ಕುಟುಂಬಗಳು ಆಟಿಸಂ, ಡೌನ್ ಸಿಂಡ್ರೋಮ್ ಮುಂತಾದ ಸ್ಥಿತಿಯ ಮಗುವನ್ನು ಕರೆದುಕೊಂಡು ಇಸ್ರೇಲಿಗೆ ಹೋಗಿ ನೆಲೆಸುವ, ಅವರು 'ಅಲಿಯಾ' ಎಂದು ಕರೆಯುವ ವಲಸೆ ಅದು. ಇಂಥ ಮಗುವಿಗೆ ದೇಶದ ಒಳಗೆ ಬರುವ ಹಕ್ಕು ಕೊಟ್ಟ ಮಾತ್ರಕ್ಕೆ ಬದುಕಲು ನೆಲೆ ಕೊಟ್ಟಂತಾಗುವುದಿಲ್ಲ ಎಂಬುದು ನನ್ನ ವಾದ. ಪೌರತ್ವವನ್ನು ಒಂದೇ ದಿನದಲ್ಲಿ ಕೊಡಬಹುದು. ಶಾಲೆ, ಚಿಕಿತ್ಸೆ, ಭಾಷೆಯ ಏರ್ಪಾಡು ಮಾತ್ರ ವಿಮಾನ ಹತ್ತುವ ಮೊದಲೇ ಆಗಿರಬೇಕು. ಆ ಹೊರೆಯ ಬಹುಪಾಲು ಇವತ್ತು ತಂದೆತಾಯಿಗಳ ಹೆಗಲ ಮೇಲಿದೆ. ಬನ್ನಿ ಎಂದು ಕರೆಯುವ ದೇಶ ಅದರಲ್ಲಿ ತನ್ನ ಪಾಲನ್ನು ಹೊರಬೇಕು.

ಮೊದಲು ಬಾಗಿಲಿನ ವಿಚಾರ. ಇಸ್ರೇಲಿನ ಸಂಸತ್ತು 1950ರ ಜುಲೈನಲ್ಲಿ ಮರಳುವ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿತು. ಯಾವ ಯಹೂದಿಯೂ ಬಂದು ನೆಲೆಸಬಹುದು ಎಂಬುದು ಅದರ ತಿರುಳು. ಯಹೂದಿ ಜನಾಂಗದ ವಿರುದ್ಧ ಕೆಲಸ ಮಾಡುವವರು, ಸಾರ್ವಜನಿಕ ಆರೋಗ್ಯಕ್ಕೋ ದೇಶದ ಭದ್ರತೆಗೋ ಅಪಾಯವಾಗುವವರು ಮುಂತಾದ ಕೆಲವರನ್ನಷ್ಟೇ ಅದು ತಡೆಯುತ್ತದೆ. ಅಂಗವೈಕಲ್ಯ ಆ ಪಟ್ಟಿಯಲ್ಲಿಲ್ಲ. ಈ ಕಾಯ್ದೆಯ ಸುತ್ತ ದೊಡ್ಡ ರಾಜಕೀಯ ವಿವಾದವಿದೆ, ಅದು ಬೇರೆಯೇ ಉಪನ್ಯಾಸದ ವಸ್ತು. ಮಗುವಿನ ದೃಷ್ಟಿಯಿಂದ ಈ ತೆರೆದ ಬಾಗಿಲಿನ ಬೆಲೆ ಗೊತ್ತಾಗಬೇಕಾದರೆ ಬೇರೆ ದೇಶಗಳ ನಿಯಮ ನೋಡಬೇಕು. ಆಸ್ಟ್ರೇಲಿಯದ ಕಾಯಂ ವೀಸಾ ಕೇಳಿದಾಗ ಅರ್ಜಿದಾರರ ಆರೋಗ್ಯದಿಂದ ಸರಕಾರಕ್ಕೆ ಬೀಳಬಹುದಾದ ವೆಚ್ಚವನ್ನು ಅಂದಾಜು ಮಾಡುತ್ತಾರೆ. 2024ರ ಜುಲೈಯಲ್ಲಿ ಅದರ ಮಿತಿಯನ್ನು 86,000 ಆಸ್ಟ್ರೇಲಿಯನ್ ಡಾಲರಿಗೆ ಏರಿಸಿದರು. ಒಂದು ಮಗುವಿನ ವೆಚ್ಚ ಮಿತಿ ಮೀರಿದರೆ ಸಾಮಾನ್ಯವಾಗಿ ಇಡೀ ಕುಟುಂಬದ ಅರ್ಜಿಗೇ ಕುತ್ತು. ಕರ್ನಾಟಕದಿಂದ ಅಲ್ಲಿಗೆ ಹೊರಡುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಕೆನಡದಲ್ಲಿ ಇಂಥದೇ ತಡೆಗೆ ಸಿಕ್ಕ ಎರಡು ಕುಟುಂಬಗಳು ಸುಪ್ರೀಂ ಕೋರ್ಟಿನ ತನಕ ಹೋದವು. ಪ್ರತಿ ಕುಟುಂಬದ ನಿಜಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದು 2005ರಲ್ಲಿ ತೀರ್ಪಾಯಿತು. 2018ರ ನೀತಿ ವಿಶೇಷ ಶಿಕ್ಷಣದ ಖರ್ಚನ್ನು ಆ ಲೆಕ್ಕದಿಂದಲೇ ಕೈಬಿಟ್ಟಿತು. ಮಗುವನ್ನು ಖರ್ಚಿನ ಬಾಬ್ತಾಗಿ ನೋಡುವ ಇಂಥ ಲೋಕದಲ್ಲಿ ಆ ಲೆಕ್ಕವನ್ನೇ ಕೇಳದ ಬಾಗಿಲು ಸಣ್ಣ ವಿಷಯವಲ್ಲ.

ಆದರೆ ಆ ಬಾಗಿಲೂ ಎಲ್ಲ ಕಾಲಕ್ಕೂ ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. 1948ರಿಂದ 1951ರೊಳಗೆ ಸುಮಾರು ಏಳು ಲಕ್ಷ ಜನ ಬಂದು ಹೊಸ ದೇಶದ ಯಹೂದಿ ಜನಸಂಖ್ಯೆ ಇಮ್ಮಡಿಯಾಯಿತು. ಗುಡಾರಗಳಲ್ಲೂ ಜಾಗವಿರಲಿಲ್ಲ. 1951ರ ನವೆಂಬರಿನಲ್ಲಿ, ವಲಸೆಯ ಹೊಣೆ ಹೊತ್ತಿದ್ದ ಯಹೂದಿ ಏಜೆನ್ಸಿ ಆಯ್ಕೆಯ ನಿಯಮ ತಂದಿತು. ಬರುವವರಲ್ಲಿ ಶೇಕಡಾ 80ರಷ್ಟು ಮಂದಿ ದುಡಿಯಬಲ್ಲ ಯುವಜನರು, ಕಸುಬುದಾರರು ಅಥವಾ ದುಡಿಯುವ ಆಳಿರುವ ಕುಟುಂಬದವರು ಆಗಿರಬೇಕಿತ್ತು, ವೈದ್ಯರ ತಪಾಸಣೆಯಲ್ಲೂ ಪಾಸಾಗಬೇಕಿತ್ತು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಮೊರಾಕೊದಂಥ ಕಡೆಯ ಬಡ ಕುಟುಂಬಗಳ ಮೇಲೆ. ನಮ್ಮ ನೆರೆಯ ಕೊಚ್ಚಿಯ ಯಹೂದಿಗಳ ಪ್ರಯಾಣವೂ ಆನೆಕಾಲು ರೋಗದ ಭಯದಿಂದ ತಡವಾಯಿತು. ಅದೇ ಹೊತ್ತಿನಲ್ಲಿ ಇನ್ನೊಂದು ದಾರಿಯೂ ಇತ್ತು ಎಂಬುದನ್ನು ಗಮನಿಸಬೇಕು. ವೃದ್ಧರು, ದೀರ್ಘ ರೋಗಿಗಳು, ಅಂಗವಿಕಲರಾದ ವಲಸಿಗರನ್ನು ನೋಡಿಕೊಳ್ಳಲೆಂದೇ ಅಮೆರಿಕದ ಯಹೂದಿಗಳ ಪರಿಹಾರ ಸಂಸ್ಥೆಯಾದ ಜಾಯಿಂಟ್, 1949ರಲ್ಲಿ ಮಲ್ಬೆನ್ ಎಂಬ ವ್ಯವಸ್ಥೆಯನ್ನು ಕಟ್ಟಿತ್ತು. ಕಾಯ್ದೆ ಎಷ್ಟೇ ಉದಾರವಾಗಿದ್ದರೂ ಆರೈಕೆಯ ಏರ್ಪಾಡು ಇಲ್ಲದಿದ್ದರೆ ಅಧಿಕಾರಿಗಳು ದುರ್ಬಲರನ್ನೇ ಮೊದಲು ತಡೆಯುತ್ತಾರೆ. ಏರ್ಪಾಡು ಇದ್ದರೆ ತಡೆಯಲು ನೆಪ ಸಿಗುವುದಿಲ್ಲ. ಆ ವರ್ಷಗಳ ಪಾಠ ಇದು.

ಇಷ್ಟೊಂದು ಕಷ್ಟವಿದ್ದ ಮೇಲೆ ಹೋಗುವುದಾದರೂ ಯಾಕೆ? ಅಮೆರಿಕದಲ್ಲಿ 1975ರಿಂದಲೇ ಪ್ರತಿ ವಿಶೇಷ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ, ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ ಇದೆ, ಶಾಲೆ ಅದನ್ನು ಪಾಲಿಸದಿದ್ದರೆ ದೂರು ಕೊಡಲು ದಾರಿಯಿದೆ. ಅದನ್ನು ಬಿಟ್ಟು ಹೋಗುವುದು ಹುಚ್ಚುತನವೆಂದು ಹೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಲ್ಲಿ ಉಳಿಯುವುದಕ್ಕೂ ಒಂದು ಬೆಲೆಯಿದೆ, ಅದನ್ನು ಈ ಆಕ್ಷೇಪ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದಲ್ಲಿ ವಿಶೇಷ ಶಿಕ್ಷಣದ ಪೂರ್ಣ ಹಕ್ಕು ಇರುವುದು ಸರಕಾರಿ ಶಾಲೆಯಲ್ಲಿ. ಯಹೂದಿ ಬದುಕನ್ನು ಕಲಿಸುವುದು ಖಾಸಗಿ ಧಾರ್ಮಿಕ ಶಾಲೆ. ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್ ಎಂಬ, ಹಸಿದಿಕ್ ಪಂಥದ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಊರಿನಲ್ಲಿ ಈ ಸೀಳು ಬಯಲಿಗೆ ಬಂತು. 1985ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಧಾರ್ಮಿಕ ಶಾಲೆಯ ಆವರಣದಲ್ಲಿ ವಿಶೇಷ ಶಿಕ್ಷಣ ಸೇವೆ ಕೊಡುವುದು ನಿಂತಿತು. ಮಕ್ಕಳು ಹೊರಗಿನ ಸರಕಾರಿ ಶಾಲೆಗೆ ಹೋಗಬೇಕಾಯಿತು. ಯಿದ್ದಿಷ್ ಮಾತಾಡುವ, ಬೇರೆ ಉಡುಪಿನ ಆ ಮಕ್ಕಳು ಅಲ್ಲಿ ಭಯದಿಂದ ನಲುಗಿದರೆಂದು ಹೆತ್ತವರು ಹೆಚ್ಚಿನವರನ್ನು ಬಿಡಿಸಿಕೊಂಡರು. ಆ ಊರಿಗೆಂದೇ 1989ರಲ್ಲಿ ರಾಜ್ಯ ಪ್ರತ್ಯೇಕ ಶಾಲಾ ಜಿಲ್ಲೆಯನ್ನು ಮಾಡಿಕೊಟ್ಟಿತು. 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದಿತು. ಆಮೇಲೆ ಕಾನೂನು ತಿದ್ದಿ ಆ ಜಿಲ್ಲೆಯನ್ನು ಉಳಿಸಿಕೊಂಡರು. ಆ ಸಮುದಾಯ ಇಸ್ರೇಲ್ ರಾಷ್ಟ್ರವನ್ನೇ ಒಪ್ಪದ ಸಮುದಾಯ, ಅವರು ಅಲಿಯಾದ ಉದಾಹರಣೆಯಲ್ಲ. ಆದರೂ ಮಗುವಿನ ಚಿಕಿತ್ಸೆ ಒಂದು ಕಟ್ಟಡದಲ್ಲಿ, ಮಗುವಿನ ಪರಂಪರೆ ಇನ್ನೊಂದರಲ್ಲಿ ಇದ್ದಾಗ ಕುಟುಂಬ ಎಂಥ ಇಕ್ಕಟ್ಟಿಗೆ ಸಿಲುಕುತ್ತದೆಂಬುದಕ್ಕೆ ಇದಕ್ಕಿಂತ ನಿಚ್ಚಳ ಸಾಕ್ಷಿ ಬೇಕಿಲ್ಲ.

ಇಸ್ರೇಲಿನಲ್ಲಿ ಈ ಎರಡೂ ಒಂದೇ ಕಟ್ಟಡಕ್ಕೆ ಬರುತ್ತವೆ. ಸಾಮಾನ್ಯ ಶಿಶುವಿಹಾರವೊಂದರ ಶುಕ್ರವಾರದ ಬೆಳಗನ್ನು ನೋಡಿ. ಮೇಜಿನ ಮೇಲೆ ಮೇಣದಬತ್ತಿ, ಹೆಣೆದ ಹಲ್ಲಾ ಬ್ರೆಡ್ಡು, ದ್ರಾಕ್ಷಿರಸ. ಒಂದು ಮಗು ಆ ವಾರದ ಅಮ್ಮ, ಇನ್ನೊಂದು ಅಪ್ಪ. ವಾರವಾರವೂ ಅದೇ ಹಾಡು, ಅದೇ ಕ್ರಮ. ಮಧ್ಯಾಹ್ನದ ಹೊತ್ತಿಗೆ ಬೀದಿಯೂ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಅಣಿಯಾಗತೊಡಗುತ್ತದೆ. ಪುಸ್ತಕದಿಂದ ಕಲಿಯಲಾಗದ, ಪುನರಾವರ್ತನೆಯಿಂದ ಕಲಿಯುವ ಮಗುವಿಗೆ ಊರಿನ ಪಂಚಾಂಗವೇ ಪಾಠವಾಗುತ್ತದೆ. ಇದರ ಬೆನ್ನಿಗೆ ಕಾನೂನೂ ಇದೆ. 1988ರ ವಿಶೇಷ ಶಿಕ್ಷಣ ಕಾಯ್ದೆ 3ರಿಂದ 21 ವರ್ಷದವರೆಗೆ ಹಕ್ಕು ಕೊಡುತ್ತದೆ. 1995ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಕಾರ ನಾಲ್ಕು ಆರೋಗ್ಯ ನಿಧಿಗಳಲ್ಲಿ ಯಾವುದೂ ಹಳೆಯ ಕಾಯಿಲೆಯ ನೆಪದಲ್ಲಿ ಯಾರನ್ನೂ ತಿರಸ್ಕರಿಸುವಂತಿಲ್ಲ. ನಿವೃತ್ತ ನ್ಯಾಯಮೂರ್ತಿ ದಾಲಿಯಾ ದೋರ್ನರ್ ಸಮಿತಿ 2009ರಲ್ಲಿ ಹಣ ಮಗುವಿನ ಹಿಂದೆ ಹೋಗಬೇಕು, ಶಾಲೆಯ ಆಯ್ಕೆ ಹೆತ್ತವರದಾಗಬೇಕು ಎಂದು ಶಿಫಾರಸು ಮಾಡಿತು. 2018ರ ತಿದ್ದುಪಡಿ ಆ ಆಯ್ಕೆಯನ್ನು ಕಾನೂನಿಗೆ ತಂದಿತು. ಜೆರುಸಲೇಮಿನ ಶಲ್ವಾ, ರಅನಾನಾದ ಬೇತ್ ಇಸ್ಸಿ ಶಪಿರೋದಂಥ ಸಂಸ್ಥೆಗಳು ವಿಶೇಷ ಮಕ್ಕಳಿಗಾಗಿ ದಶಕಗಳಿಂದ ಕೆಲಸ ಮಾಡುತ್ತಿವೆ. ಶಲ್ವಾದ ವಾದ್ಯವೃಂದ 2019ರಲ್ಲಿ ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಗೆ ಇಸ್ರೇಲಿನ ಪ್ರತಿನಿಧಿಯನ್ನು ಆರಿಸುವ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದು, ತಾಲೀಮು ಸಬ್ಬತ್ತಿನ ದಿನ ಬೀಳುತ್ತದೆಂದು ಹಿಂದೆ ಸರಿಯಿತು, ಆಮೇಲೆ ಅತಿಥಿಗಳಾಗಿ ಅದೇ ಯೂರೋವಿಷನ್ ವೇದಿಕೆಯಲ್ಲಿ ಹಾಡಿತು. ಅದರ ಗಾಯಕಿ, ದೃಷ್ಟಿಯಿಲ್ಲದ ದೀನಾ ಸಮ್ತೆ, ನಮ್ಮ ಈಶಾನ್ಯ ಭಾರತದ ಬ್ನೇ ಮೆನಾಶೆ ಎಂಬ ಯಹೂದಿ ಸಮುದಾಯದಿಂದ ಬಾಲ್ಯದಲ್ಲಿ ವಲಸೆ ಹೋದವರು.

ತೊಡಕು ಇರುವುದು ಅಮೆರಿಕ, ಇಸ್ರೇಲ್ ಎಂಬ ಈ ಎರಡು ದಡಗಳ ನಡುವೆ. ಅಮೆರಿಕದ ಶಿಕ್ಷಣ ಯೋಜನೆಗೆ ಇಸ್ರೇಲಿನಲ್ಲಿ ಕಾನೂನಿನ ಬಲವಿಲ್ಲ. ಅಮೆರಿಕದಲ್ಲಿ ಶಾಲೆಯ ತಂಡವೇ ಆಟಿಸಂ ಎಂದು ವರ್ಗೀಕರಿಸಿ ಸೇವೆ ಕೊಡಬಹುದು. ಇಸ್ರೇಲಿನಲ್ಲಿ ತಜ್ಞ ವೈದ್ಯರೂ ಮನಶ್ಶಾಸ್ತ್ರಜ್ಞರೂ ಕೂಡಿ ಮಾಡಿದ ರೋಗನಿರ್ಣಯ ಬೇಕು. ಆ ಕಡತವನ್ನು ಇಟ್ಟುಕೊಂಡು ಅರ್ಹತಾ ಸಮಿತಿ ಸೇರಿ, ಮಗುವಿಗೆ ಎಷ್ಟು ನೆರವು ಬೇಕೆಂದು ನಿರ್ಧರಿಸುತ್ತದೆ. ಶಾಲೆ ಸೆಪ್ಟೆಂಬರ್ 1ಕ್ಕೆ ಶುರು, ಸಮಿತಿಯ ಮುಖ್ಯ ಕಲಾಪ ಬೇಸಿಗೆ ರಜೆಗೆ ಮುಂಚೆಯೇ ಮುಗಿಯುತ್ತದೆ. ವಲಸೆ ಕುಟುಂಬಗಳು ಹೆಚ್ಚಾಗಿ ಬರುವುದೋ ಜುಲೈ, ಆಗಸ್ಟಿನಲ್ಲಿ. ಇನ್ನೊಂದು ಗಂಟೂ ಇದೆ. ಶಾಲೆಯ ನೋಂದಣಿ ವಾಸದ ಊರಿನ ಪೌರಸಂಸ್ಥೆಯ ಮೂಲಕ ಆಗಬೇಕು, ಆದ್ದರಿಂದ ವಿಳಾಸ ಬೇಕು. ತಕ್ಕ ತರಗತಿ ಎಲ್ಲಿದೆಯೆಂದು ತಿಳಿಯದೆ ಮನೆ ಹಿಡಿಯುವುದು ಹೇಗೆ? ಇದರ ಜೊತೆಗೆ ಮಕ್ಕಳ ಬೆಳವಣಿಗೆ ಕೇಂದ್ರಗಳಲ್ಲಿ ಚಿಕಿತ್ಸೆಗೆ ಉದ್ದನೆಯ ಸರದಿ. ದೊಡ್ಡವರಿಗೆ ಆರು ತಿಂಗಳೆಂದರೆ ಒಂದು ತಾಪತ್ರಯ. ನಾಲ್ಕು ವರ್ಷದ ಮಗುವಿಗೆ ಅದು ಮಾತು ಕಲಿಯುವ ಅಮೂಲ್ಯ ಕಾಲ.

ಭಾಷೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ವಿಶೇಷ ಮಗುವಿಗೆ ಎರಡು ಭಾಷೆ ಹೊರೆಯೆಂಬ ಹಳೆಯ ನಂಬಿಕೆ ಇದೆ. ಕೆನಡದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಡೌನ್ ಸಿಂಡ್ರೋಮಿನ ದ್ವಿಭಾಷಿಕ ಮಕ್ಕಳು ಇಂಗ್ಲಿಷಿನಲ್ಲಿ ಏಕಭಾಷಿಕರಿಗಿಂತ ಹಿಂದೆ ಬಿದ್ದಿಲ್ಲವೆಂದು ಕಂಡಿತು. ಆಟಿಸಂ ಕುರಿತ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಹಾಗಾಗಿ ಹೀಬ್ರೂಗೆ ಹೆದರಿ ಕೂರಬೇಕಿಲ್ಲ. ಆದರೆ ಮನೆಯಲ್ಲಿ ಎರಡು ಭಾಷೆ ಒಟ್ಟಿಗೆ ಬೆಳೆಯುವುದು ಬೇರೆ, ಇದ್ದ ಭಾಷೆಯ ಚಿಕಿತ್ಸೆ ಒಂದು ದಿನ ತಟ್ಟನೆ ನಿಂತು ಗೊತ್ತಿಲ್ಲದ ಭಾಷೆಯಲ್ಲಿ ಶುರುವಾಗುವುದು ಬೇರೆ. ಮಗುವಿಗೆ ಸೂಚನೆ ಅರ್ಥವಾಗದಿದ್ದದ್ದು ಬುದ್ಧಿಯ ಮಿತಿಯಿಂದಲೋ ಭಾಷೆ ಬಾರದ್ದರಿಂದಲೋ ಎಂದು ಬಿಡಿಸಿ ಹೇಳುವುದು ಪರೀಕ್ಷಕರಿಗೂ ಕಷ್ಟ. ಓದಿನ ತೊಂದರೆಯಿರುವ ಮಗುವಿಗಂತೂ ಬಲದಿಂದ ಎಡಕ್ಕೆ ಸಾಗುವ ಲಿಪಿ. ದೊಡ್ಡವರ ಬರಹದಲ್ಲಿ ಸ್ವರಚಿಹ್ನೆಗಳೂ ಇರುವುದಿಲ್ಲ, ಕಾಗುಣಿತ ತೆಗೆದುಹಾಕಿದ ಕನ್ನಡವನ್ನು ಓದಿದ ಹಾಗೆ. ಆದ್ದರಿಂದ ಮೊದಲ ಮೌಲ್ಯಮಾಪನವಾದರೂ ಮಗುವಿನ ಭಾಷೆಯಲ್ಲಿ ಆಗಬೇಕೆಂಬುದು ಉಪಕಾರದ ಮಾತಲ್ಲ, ನ್ಯಾಯದ ಮಾತು.

ಇನ್ನೆರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಯುದ್ಧದ ನಾಡಿಗೆ ಇಂಥ ಮಗುವನ್ನು ಒಯ್ಯುವುದೇ ಎಂಬುದು ಮೊದಲನೆಯದು. 2023ರ ಅಕ್ಟೋಬರ್ 7ರ ದಾಳಿಯ ನಂತರ ಇದನ್ನು ಯಾರೂ ತಳ್ಳಿಹಾಕುವಂತಿಲ್ಲ. ಗಾಜಾ ಗಡಿಯ ಊರುಗಳಲ್ಲಿ ರಾಕೆಟ್ ಸೈರನ್ ಕೂಗಿದ ಮೇಲೆ ಆಸರೆ ಸೇರಲು 15 ಸೆಕೆಂಡು, ಟೆಲ್ ಅವೀವಿನಲ್ಲಿ 90. ಗಾಲಿಕುರ್ಚಿಯ ಮಗುವಿಗೆ, ಸದ್ದು ಸಹಿಸದ ಮಗುವಿಗೆ ಅದು ಸಾಕಾಗದು. ಮನೆಯ ಒಳಗೇ ಆಸರೆ ಕೋಣೆ ಇದೆಯೇ ಎಂಬುದು ಅಂಥ ಕುಟುಂಬಕ್ಕೆ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಕೆಲವು ಮಕ್ಕಳ ಮಟ್ಟಿಗೆ ಹೋಗದಿರುವುದೇ ಸರಿಯಾದ ತೀರ್ಮಾನ, ಅದನ್ನು ನಿಷ್ಠೆಯ ಕೊರತೆಯೆಂದು ಯಾರೂ ಹಂಗಿಸಬಾರದು. ಎರಡನೆಯದು ಖರ್ಚಿನದು. ಸಣ್ಣ ದೇಶ, ಅಲ್ಲಿ ಹುಟ್ಟಿದ ಮಕ್ಕಳೇ ಸರದಿಯಲ್ಲಿದ್ದಾರೆ, ಹೊಸಬರಿಗೇಕೆ ಮುಂಗಡ ಸೇವೆ ಎನ್ನುತ್ತಾರೆ. ನಾನು ಕೇಳುತ್ತಿರುವುದು ಸರದಿ ತಪ್ಪಿಸುವುದನ್ನಲ್ಲ, ಸರದಿಗೆ ಸೇರುವ ದಿನವನ್ನು ಮುಂದೆ ತರುವುದನ್ನು. ತಡವಾಗಿ ಶುರುವಾದ ಚಿಕಿತ್ಸೆಯ ಕೊರತೆ ಮುಂದೆ ಅದೇ ದೇಶದ ಲೆಕ್ಕಕ್ಕೇ ಬರುತ್ತದೆ.

ಆದ್ದರಿಂದ ಮಾಡಬೇಕಾದ್ದು ಏನೆಂಬುದು ನಿಗೂಢವಲ್ಲ. ವಲಸೆ ಅರ್ಜಿಯ ಜೊತೆಯಲ್ಲೇ ಮಗುವಿನ ಕಡತವನ್ನು ಸ್ವೀಕರಿಸಿ ಅರ್ಹತಾ ಸಮಿತಿ ತಾತ್ಕಾಲಿಕ ತೀರ್ಮಾನ ಕೊಡಲಿ, ಅದು ಯಾವ ಊರಿನಲ್ಲೂ ಸಲ್ಲಲಿ. ಹೊಸ ಮೌಲ್ಯಮಾಪನ ಮುಗಿಯುವ ತನಕ ಹಳೆಯ ಯೋಜನೆಯ ಸಮಾನ ಸೇವೆ ಮುಂದುವರಿಯಲಿ. ಅಮೆರಿಕದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ಮಗುವಿಗೆ ಅಲ್ಲಿನ ಕಾನೂನು ಇವತ್ತೂ ಇದನ್ನೇ ಮಾಡುತ್ತದೆ. 2002ರಿಂದ ಉತ್ತರ ಅಮೆರಿಕದ ವಲಸಿಗರಿಗೆ ನೆರವಾಗುತ್ತಿರುವ ನೆಫೆಶ್ ಬೆನೆಫೆಶ್‌ನಂಥ ಸಂಸ್ಥೆಗಳು ಮಾಹಿತಿ ಕೊಡಬಲ್ಲವು, ದಾರಿ ತೋರಬಲ್ಲವು. ಹಕ್ಕನ್ನು ಕೊಡಬಲ್ಲದ್ದು ಸರಕಾರ ಮಾತ್ರ. ಹೆತ್ತವರೂ ಊರನ್ನು ಆರಿಸುವಾಗ ಬಂಧುಗಳು ಎಲ್ಲಿದ್ದಾರೆ, ಮನೆ ಎಲ್ಲಿ ಅಗ್ಗ ಎಂಬುದಕ್ಕಿಂತ ಮೊದಲು ಮಗುವಿನ ತರಗತಿ ಎಲ್ಲಿದೆಯೆಂದು ನೋಡಲಿ. 1950ರ ಕಾಯ್ದೆ ಒಂದು ಜನಾಂಗಕ್ಕೆ ಕೊಟ್ಟ ಮಾತು. ಆ ಜನಾಂಗದ ಅತ್ಯಂತ ದುರ್ಬಲ ಮಗುವೂ ಬಂದಿಳಿದ ಮೊದಲ ಸೆಪ್ಟೆಂಬರಿನಲ್ಲಿ ತನಗೆ ಹೊಂದುವ ತರಗತಿಯಲ್ಲಿ, ತನಗೆ ಅರ್ಥವಾಗುವ ಮಾತಿನಲ್ಲಿ ಕಲಿಯತೊಡಗಿದರೆ ಮಾತ್ರ ಆ ಮಾತನ್ನು ಉಳಿಸಿಕೊಂಡಂತೆ.