ರೇಡಿಯೊ ಕೈಬಿಟ್ಟ ಹಾಡು



ಒಂದು ಹಾಡು ಜನಪ್ರಿಯವಾಯಿತು ಎನ್ನುತ್ತೇವೆ. ಅದನ್ನು ಹಾಗೆ ಮಾಡಿದವರು ಯಾರು? ಕೇಳಿದ ಜನರೋ, ಕೇಳಿಸಿದವರೋ? ಅಮೆರಿಕದ 'ಡಿಕ್ಸಿ ಚಿಕ್ಸ್' ತಂಡದ ಕತೆಯಲ್ಲಿ ಇದಕ್ಕೆ ಉತ್ತರವಿದೆ.

ಕಂಟ್ರಿ ಸಂಗೀತವೆಂದರೆ ಆ ದೇಶದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಪಿಟೀಲು, ಬ್ಯಾಂಜೊ, ಗಿಟಾರುಗಳ ಜೊತೆ ಬೆಳೆದ ಹಾಡುಗಾರಿಕೆ. ನಮ್ಮ ಚಿತ್ರಗೀತೆಗಿರುವಂತೆ ಅದಕ್ಕೆ ಸಿನಿಮಾದ ಆಸರೆಯಿಲ್ಲ. ಬಹುಕಾಲ ರೇಡಿಯೊವೇ ಅದರ ಚಿತ್ರಮಂದಿರವಾಗಿತ್ತು. ಆಲ್ಬಂನಿಂದ ಒಂದು ಹಾಡನ್ನು ಆರಿಸಿ 'ಸಿಂಗಲ್' ಎಂದು ರೇಡಿಯೊ ಕೇಂದ್ರಗಳಿಗೆ ಕಳಿಸುತ್ತಾರೆ. 1990ರಿಂದ ಎರಡು ದಶಕಗಳಷ್ಟು ಕಾಲ 'ಬಿಲ್‌ಬೋರ್ಡ್' ಪತ್ರಿಕೆಯ ಕಂಟ್ರಿ ಹಾಡುಗಳ ಪಟ್ಟಿ ತಯಾರಾಗುತ್ತಿದ್ದುದು ಪ್ರಸಾರದ ಲೆಕ್ಕದಿಂದಲೇ. ಆಲ್ಬಂಗಳ ಪಟ್ಟಿ ಮಾತ್ರ ಮಾರಾಟದ ಲೆಕ್ಕ. ಈ ವ್ಯತ್ಯಾಸ ನೆನಪಿರಲಿ.

ತಂಡ ಹುಟ್ಟಿದ್ದು 1989ರಲ್ಲಿ, ಟೆಕ್ಸಾಸಿನ ಡಲ್ಲಾಸಿನಲ್ಲಿ. ಪಿಟೀಲಿನ ಮಾರ್ಟಿ, ಬ್ಯಾಂಜೊದ ಎಮಿಲಿ ಅಕ್ಕತಂಗಿಯರು. 1995ರಲ್ಲಿ ಗಾಯಕಿ ನ್ಯಾಟಲಿ ಮೇನ್ಸ್ ಬಂದ ಮೇಲೆ ಅದೃಷ್ಟ ತಿರುಗಿತು. 1998ರ 'ವೈಡ್ ಓಪನ್ ಸ್ಪೇಸಸ್', 1999ರ 'ಫ್ಲೈ' ಎರಡೂ ಅಮೆರಿಕದಲ್ಲಿ ಒಂದೊಂದು ಕೋಟಿ ಪ್ರತಿಗಳ ಗಡಿ ದಾಟಿದವು. ಹೊಡೆಯುವ ಗಂಡನಿಗೆ ವಿಷವಿಕ್ಕುವ ಗೆಳತಿಯರ ಕತೆ ಹೇಳುವ 'ಗುಡ್‌ಬೈ ಅರ್ಲ್' ಹಾಡನ್ನು ಕೆಲವು ಕೇಂದ್ರಗಳು ಆಗಲೇ ಹಾಕಲಿಲ್ಲ. 2002ರ 'ಹೋಮ್' ಡ್ರಮ್ ಇಲ್ಲದ, ಹಳೆಯ ಮಾದರಿಯ ಆಲ್ಬಂ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ ಅದೇ. ಅದರ ಮೊದಲ ಸಿಂಗಲ್ 'ಲಾಂಗ್ ಟೈಮ್ ಗಾನ್' ಕಂಟ್ರಿ ರೇಡಿಯೊವನ್ನೇ ಕುಟುಕಿದರೂ ರೇಡಿಯೊ ಅದನ್ನು ಎರಡನೇ ಸ್ಥಾನಕ್ಕೇರಿಸಿತ್ತು!

2003ರ ಮಾರ್ಚ್ 10. ಇರಾಕ್ ಯುದ್ಧಕ್ಕೆ ಇನ್ನು ಕೆಲವೇ ದಿನ. ಲಂಡನ್ನಿನ ವೇದಿಕೆಯಲ್ಲಿ ಮೇನ್ಸ್, ಅಧ್ಯಕ್ಷ ಬುಷ್ ತಮ್ಮ ಟೆಕ್ಸಾಸಿನವರೆಂಬುದು ತಮಗೆ ನಾಚಿಕೆಯ ವಿಷಯ ಎಂದುಬಿಟ್ಟರು. ಆ ಹೊತ್ತಿಗೆ ಕಂಟ್ರಿ ಪಟ್ಟಿಯ ತುದಿಗೇರಿದ್ದದ್ದು ಅವರದೇ 'ಟ್ರಾವಲಿನ್ ಸೋಲ್ಜರ್'. ವಿಯೆಟ್ನಾಂಗೆ ಹೋಗಿ ಮರಳದ ಹುಡುಗನ, ಅವನಿಗಾಗಿ ಕಾದ ಹುಡುಗಿಯ ಹಾಡು. ಸೈನಿಕನನ್ನು ಕುರಿತ ಆ ಹಾಡೇ ದೇಶಭಕ್ತಿಯ ಹೆಸರಿನಲ್ಲಿ ಮೂಲೆಗೆ ಬಿತ್ತು. ಕೆಲವೇ ವಾರಗಳಲ್ಲಿ ಪಟ್ಟಿಯಿಂದಲೇ ಮಾಯವಾಯಿತು. ಲೂಸಿಯಾನಾದಲ್ಲಿ ಅವರ ಸಿ.ಡಿ.ಗಳ ಮೇಲೆ ಟ್ರ್ಯಾಕ್ಟರ್ ಹರಿಸಿದರು. ಕೊಲೆ ಬೆದರಿಕೆಯೂ ಬಂತು.

ಜನರ ಸಿಟ್ಟು ನಿಜವೇ ಇತ್ತು. ಕೇಂದ್ರಗಳಿಗೆ ದೂರವಾಣಿ ಕರೆಗಳು ಹರಿದುಬಂದವು. ಆದರೆ ಊರೂರಿನ ಕೇಂದ್ರಗಳು ಬೇರೆ ಬೇರೆ ತೀರ್ಮಾನಕ್ಕೆ ಬರುವ ಕಾಲ ಹೋಗಿತ್ತು. ದೇಶದಲ್ಲಿ ಒಬ್ಬ ಮಾಲೀಕ ಎಷ್ಟು ಕೇಂದ್ರ ಹೊಂದಬಹುದೆಂಬ ಮಿತಿಯನ್ನು 1996ರ ದೂರಸಂಪರ್ಕ ಕಾಯ್ದೆ ತೆಗೆದುಹಾಕಿತ್ತು. ಹೀಗಾಗಿ ಕ್ಯುಮುಲಸ್ ಎಂಬ ಒಂದೇ ಕಂಪೆನಿ ತನ್ನ 42 ಕಂಟ್ರಿ ಕೇಂದ್ರಗಳಲ್ಲಿ ಒಂದು ತಿಂಗಳು ಈ ತಂಡವನ್ನು ನಿಲ್ಲಿಸಲು ಸಾಧ್ಯವಾಯಿತು. ಆ ಜುಲೈಯಲ್ಲಿ ಸೆನೆಟ್ ಸಮಿತಿಯ ಅಧ್ಯಕ್ಷ ಜಾನ್ ಮೆಕೇನ್ ಕಂಪೆನಿಯ ಮುಖ್ಯಸ್ಥರನ್ನು ಈ ಬಗ್ಗೆ ತರಾಟೆಗೆ ತೆಗೆದುಕೊಂಡರು. ಮೆಕೇನ್ ಬುಷ್ ಪಕ್ಷದವರೇ ಎಂಬುದನ್ನು ಗಮನಿಸಬೇಕು.

2006ರಲ್ಲಿ ಬಂದ 'ಟೇಕಿಂಗ್ ದ ಲಾಂಗ್ ವೇ' ಮೊದಲ ವಾರವೇ ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಎಲ್ಲ ಬಗೆಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕ್ಷಮೆ ಕೇಳುವುದಿಲ್ಲವೆಂದು ಸಾರಿದ ಅದರ ಸಿಂಗಲ್ 'ನಾಟ್ ರೆಡಿ ಟು ಮೇಕ್ ನೈಸ್' ಮಾರಾಟವನ್ನೂ ಎಣಿಸುವ ಸಾಮಾನ್ಯ ಪಟ್ಟಿಯಲ್ಲಿ ನಾಲ್ಕನೆಯದು, ಕಂಟ್ರಿ ಪಟ್ಟಿಯಲ್ಲಿ 36ನೆಯದು! ಮರುವರ್ಷ ತಂಡಕ್ಕೆ ಐದು ಗ್ರ್ಯಾಮಿ ಪ್ರಶಸ್ತಿಗಳು. ಆದರೂ ಮುಂದಿನ ಆಲ್ಬಂಗೆ 14 ವರ್ಷ ಕಾಯಬೇಕಾಯಿತು. 2020ರಲ್ಲಿ 'ಗ್ಯಾಸ್‌ಲೈಟರ್' ಬರುವ ಮೊದಲೇ, ಗುಲಾಮಗಿರಿಯ ದಕ್ಷಿಣವನ್ನು ನೆನಪಿಸುವ 'ಡಿಕ್ಸಿ'ಯನ್ನು ಕೈಬಿಟ್ಟು ಅವರು 'ದ ಚಿಕ್ಸ್' ಆದರು.

ಮಾತು ಸಾಕು. ಆ ಸೈನಿಕನ ಹಾಡನ್ನು ಈಗ ಹಾಕುತ್ತಾರೆ, ಕೇಳೋಣ.